ಮೊದ್ಲು ಕಣ್ಣಿನ ಬಣ್ಣ ನೋಡ್ರಿ, ಸೀರೆ ಆಮೇಲೆ

ದಾವಣಗೆರೆಲಿ ಮದುಮಗಳ ಮೇಕಪ್ ಮಾಡೋ ನಮ್ಮಂಥೋರಿಗೆ ಬರೋ ಫೋನಲ್ಲಿ ಮೊದಲನೇ ಪ್ರಶ್ನೆ ರೇಟು, ಎರಡನೇದು "ಮೇಡಂ, ಸೀರೆ ಫೋಟೋ ವಾಟ್ಸಾಪ್ ಮಾಡ್ತೀನಿ, ಅದಕ್ಕೆ ಮ್ಯಾಚ್ ಆಗೋ ಐ ಶ್ಯಾಡೋ ಹಾಕ್ತೀರಲ್ಲ?" ಅನ್ನೋದು. ಕಳಿಸ್ರಿ, ಬೇಡ ಅನ್ನಲ್ಲ, ಆದ್ರೆ ಅದರ ಜೊತೆಗೆ ಕಿಟಕಿ ಹತ್ರ ಕೂತು ಮೇಕಪ್ ಇಲ್ದೆ ಫಿಲ್ಟರ್ ಇಲ್ದೆ ಬರೀ ಕಣ್ಣಿಂದೊಂದು ಫೋಟೋ ತೆಗೆದು ಕಳಿಸ್ರಿ ಅಂತೀನಿ ನಾನು. ಅದಕ್ಕೆ "ನಮ್ದು ಕಪ್ಪು ಕಣ್ಣೇ ಮೇಡಂ, ಎಲ್ಲರ ಥರಾನೇ" ಅನ್ನೋ ಉತ್ತರ ಗ್ಯಾರಂಟಿ.

ಎಲ್ಲರ ಥರ ಅಂತ ಒಂದು ಕಣ್ಣೇ ಇಲ್ಲ ನೋಡ್ರಿ. ನಾವು ಕಪ್ಪು ಕಣ್ಣು ಅಂತ ಕರೆಯೋದೆಲ್ಲ ನಿಜವಾಗಿ ಗಾಢ ಕಂದು, ಬೆಳಗಿನ ಬೆಳಕಿಗೆ ಓರೆಯಾಗಿ ಕೂರ್ಸಿ ನೋಡಿದ್ರೆ ಗೊತ್ತಾಗ್ತದೆ. ಒಬ್ರದು ಡಿಕಾಕ್ಷನ್ ಥರ ದಟ್ಟ, ಒಬ್ರದು ಜೇನು ಬಣ್ಣ, ಇನ್ನೊಬ್ರಿಗೆ ನಡುವಿನ ಪಾಪೆ ಸುತ್ತ ಬಂಗಾರದ ಬಳೆ ಇಟ್ಟಂಗೆ ಒಂದು ರಿಂಗು, ಕೆಲವರಿಗೆ ಹಸಿರಿನ ಸಣ್ಣ ಎಳೆಗಳು, ಅದು ಅವರಿಗೇ ಗೊತ್ತಿರಲ್ಲ. ಇದಕ್ಕೆಲ್ಲ ಕಾರಣ ಮೆಲನಿನ್, ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡೋದು ಅದೇ. ಜಾಸ್ತಿ ಇದ್ರೆ ಕಡು ಕಂದು, ಕಮ್ಮಿ ಆದಂಗೆ ತಿಳಿ ಕಂದು, ಹಸಿರು, ಕೊನೆಗೆ ನೀಲಿ. ನೀಲಿ ಕಣ್ಣೋರ ಕಣ್ಣಲ್ಲಿ ನೀಲಿ ಬಣ್ಣ ಅಂತ ಬೇರೆ ಏನೂ ಇರಲ್ಲ, ಮೆಲನಿನ್ ತೀರಾ ಕಮ್ಮಿ ಇರೋದ್ರಿಂದ ಒಳಗೆ ಹೋದ ಬೆಳಕು ಚದುರಿ ನೀಲಿ ಕಾಣೋದು ಅಷ್ಟೇ.

ಇದನ್ನ ಯಾಕ್ ಹೇಳ್ತಿದೀನಿ ಅಂದ್ರೆ, ನಮ್ಮ ಹತ್ರ ಕೆಲಸ ಕಲಿಯೋಕೆ ಬರೋ ಹುಡುಗೀರು ಯೂಟ್ಯೂಬ್ ನೋಡ್ಕೊಂಡೇ ಬಂದಿರ್ತಾರೆ, ಅಲ್ಲಿ ಅರ್ಧ ವಿಡಿಯೋ ನೀಲಿ ಕಣ್ಣು ಹಸಿರು ಕಣ್ಣಿನ ಹೊರದೇಶದೋರದು. ತಾಮ್ರದ ಬಣ್ಣ, ಕಿತ್ತಳೆ ಬಣ್ಣ ಹಾಕಿದ ತಕ್ಷಣ ಅವರ ಕಣ್ಣು ಫಳಾರ್ ಅಂತದೆ. ಅದೇ ಪ್ಯಾಲೆಟ್ ತಗೊಂಡು ನಮ್ಮ ಹುಡುಗಿಗೆ ಹಾಕಿದ್ರೆ ಚೆನ್ನಾಗೇನೋ ಕಾಣ್ತದೆ, ಮೈಬಣ್ಣಕ್ಕೆ ಹೊಂದ್ಕೊತದೆ, ಆದ್ರೆ ಕಣ್ಣು ಮಾತ್ರ ಎದ್ದು ಬರಲ್ಲ. "ಅಕ್ಕಾ, ಸೇಮ್ ಬ್ರ್ಯಾಂಡ್ ತಂದೆ, ಯಾಕ್ ಹಂಗೆ ಬರ್ಲಿಲ್ಲ?" ಅಂತ ಕೇಳ್ತಾರೆ. ಬ್ರ್ಯಾಂಡಿಂದಲ್ಲವ್ವಾ ಅದು, ಎದುರು ಬಣ್ಣದ್ದು.

ಬಣ್ಣಗಳನ್ನ ಚಕ್ರದಂಗೆ ಸುತ್ತ ಜೋಡಿಸಿರೋ ಕಲರ್ ವೀಲ್‌ನಲ್ಲಿ ಕಿತ್ತಳೆಗೆ ಎದುರು ನೀಲಿ, ಕೆಂಪಿಗೆ ಎದುರು ಹಸಿರು, ಹಳದಿಗೆ ಎದುರು ನೇರಳೆ. ಎದುರು ಬದುರು ಇರೋ ಬಣ್ಣ ಪಕ್ಕಪಕ್ಕ ಇಟ್ರೆ ಎರಡೂ ಜೋರಾಗಿ ಕಾಣ್ತವೆ. ಇದನ್ನ ಸರಿಯಾಗಿ ಕೂತು ಬಿಡಿಸಿದೋನು ಬ್ಯೂಟಿಷಿಯನ್ ಅಲ್ಲ, ಬಟ್ಟೆಗೆ ಬಣ್ಣ ಹಾಕೋ ಕಡೆಯೋನು. ಪ್ಯಾರಿಸ್‌ನ ಗೋಬ್ಲಾ ನೇಯ್ಗೆ ಕಾರ್ಖಾನೆಲಿ ಬಣ್ಣದ ವಿಭಾಗ ನೋಡ್ಕೊತಿದ್ದ ಶೆವ್ರಲ್ ಅನ್ನೋ ಕೆಮಿಸ್ಟ್. ಕಪ್ಪು ನೂಲು ಮಂಕಾಗಿ ಕಾಣ್ತದೆ ಅಂತ ಕಂಪ್ಲೇಂಟ್ ಬಂದಾಗ ಆತ ನೋಡಿದ್ರೆ ನೂಲಿನ ಬಣ್ಣದಲ್ಲಿ ದೋಷ ಏನಿಲ್ಲ, ಪಕ್ಕದಲ್ಲಿ ನೇಯ್ದಿದ್ದ ನೀಲಿ ನೇರಳೆ ನೂಲಿಂದ ಹಂಗೆ ಕಾಣ್ತಿತ್ತು. 1839ರಲ್ಲಿ ಇದರ ಬಗ್ಗೆ ದೊಡ್ಡದಾಗಿ ಬರೆದು ಪ್ರಕಟಿಸಿದ. ಮಿಲ್ಲುಗಳಿಂದ ಹೆಸರಾದ ಊರು ನಮ್ದು, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡಿದ್ದು, ಇಲ್ಲಿ ಸೀರೆ ಅಂಗಡಿಲಿ ಕೂತಿರೋ ಅಣ್ಣಂದಿರಿಗೆ ಇದನ್ನ ಯಾರೂ ಹೇಳ್ಕೊಡಬೇಕಾಗಿಲ್ಲ, ರಾಮಾ ಗ್ರೀನ್ ಅನ್ನೋ ನೀಲಿ ಬೆರೆತ ಹಸಿರು ಮೈಗೆ ಮರೂನ್ ಅಂಚು ಯಾಕ್ ಇಡ್ತಾರೆ ಅಂತೀರಿ ಮತ್ತೆ.

ಈಗ ಕಣ್ಣಿಗೆ ಬರೋಣ. ಕಂದು ಅಂದ್ರೆ ಗಾಢವಾದ ಕಿತ್ತಳೆ, ಅಷ್ಟೇ. ಅದಕ್ಕೆ ಎದುರು ನೀಲಿ ಕಡೆಯ ಬಣ್ಣಗಳು: ನೇವಿ ಬ್ಲೂ, ಎಂ.ಎಸ್. ಸುಬ್ಬುಲಕ್ಷ್ಮಿ ಸೀರೆಯಿಂದ ಹೆಸರಾದ ಎಂಎಸ್ ಬ್ಲೂ, ನವಿಲು ಬಣ್ಣ, ರಾಮಾ ಗ್ರೀನ್. ಕಣ್ಣಲ್ಲಿ ಹಳದಿ ಬಂಗಾರದ ಅಂಶ ಜಾಸ್ತಿ ಇದ್ರೆ ನೇರಳೆ, ಬದನೆಕಾಯಿ ಬಣ್ಣ. ಹಸಿರು ಎಳೆ ಇದ್ರೆ ಮರೂನ್, ವೈನ್. ಇಷ್ಟು ನೆನಪಿದ್ರೆ ಸಾಕು, ಉಳಿದಿದ್ದೆಲ್ಲ ಎಷ್ಟು ಹಾಕ್ಬೇಕು ಎಲ್ಲಿ ಹಾಕ್ಬೇಕು ಅನ್ನೋದು, ಕೆಲಸ ಇರೋದೂ ಅಲ್ಲೇ.

ನಿಟ್ಟುವಳ್ಳಿ ಕಡೆಯಿಂದ ಒಂದು ಹುಡುಗಿ ಟ್ರಯಲ್‌ಗೆ ಬಂದಿತ್ತು, ಜೊತೆಗೆ ಅವರಮ್ಮ, ಸೋದರತ್ತೆ. ಮುಹೂರ್ತದ ಸೀರೆ ಅರಿಶಿನ ಬಣ್ಣದ ರೇಷ್ಮೆ, ಕೆಂಪು ಅಂಚು. ಅಮ್ಮ ಬರ್ತಾ ಬರ್ತಾನೇ ತೀರ್ಮಾನ ಮಾಡ್ಕೊಂಡು ಬಂದಿದ್ರು, ರೆಪ್ಪೆ ಮೇಲೆ ಗೋಲ್ಡು, ಮೂಲೆಗೆ ಕೆಂಪು, ದಪ್ಪಗೆ ಕಪ್ಪು ಕಾಜಲ್. ನಾನು ಹುಡುಗಿನ ಕಿಟಕಿ ಕಡೆ ತಿರುಗಿಸಿ ನೋಡಿದೆ, ತಿಳಿ ಜೇನು ಬಣ್ಣ, ಅಂಚಿಗೆ ಕಡು ಕಂದಿನ ಗೆರೆ, ಇಂಥ ಕಣ್ಣು ಸಿಕ್ರೆ ನಮಗೆ ಕೈ ಕಡಿತದೆ. ವಾದ ಮಾಡೋಕೆ ಹೋಗ್ಲಿಲ್ಲ. ಎಡಗಣ್ಣಿಗೆ ಅಮ್ಮ ಹೇಳಿದ್ದನ್ನೇ ಮಾಡಿದೆ, ನೀಟಾಗೇ ಮಾಡಿದೆ. ಬಲಗಣ್ಣಿಗೆ ರೆಪ್ಪೆ ಮಡಿಕೆಲಿ ಮೈಬಣ್ಣಕ್ಕಿಂತ ಸ್ವಲ್ಪ ಗಾಢ ಇರೋ ಮ್ಯಾಟ್ ಬ್ರೌನ್, ಮೇಲಿನ ರೆಪ್ಪೆಕೂದಲಿನ ಬುಡಕ್ಕೆ ಅಂಟಿದಂಗೆ ನೇವಿ ಪೆನ್ಸಿಲ್ಲು, ಕೆಳಗೆ ಹೊರಮೂಲೆಲಿ ಮಾತ್ರ ನೇರಳೆ ಒಂಚೂರು ಬೆರಳಲ್ಲಿ ಒರೆಸಿದಂಗೆ. ಆಮೇಲೆ ಒಂದು ಹಾಳೆ ಮುಖದ ಅರ್ಧಕ್ಕೆ ಅಡ್ಡ ಹಿಡಿದು ಒಂದು ಸಲ ಈ ಕಣ್ಣು ಒಂದು ಸಲ ಆ ಕಣ್ಣು ತೋರಿಸಿದೆ. ಅಮ್ಮ ಏನೂ ಹೇಳ್ಲಿಲ್ಲ, ಸೋದರತ್ತೆ ಎದ್ದು ಬಂದು ಹತ್ರ ಬಗ್ಗಿ, "ಅಲ್ರೀ ಮೇಡಂ, ಈ ಕಣ್ಣಿಗೆ ಲೆನ್ಸ್ ಹಾಕಿದ್ರೇನು? ಹಿಂಗ್ ಹೊಳಿತೈತಲ್ಲ" ಅಂದ್ರು. ಅಮ್ಮಂಗೆ ಆವಾಗ್ಲೂ ಸಮಾಧಾನ ಇಲ್ಲ, "ಮುಹೂರ್ತಕ್ಕೆ ನೀಲಿ ನಡಿತೈತೇನ್ರಿ, ನಮ್ಮತ್ತೆ ಏನಂತಾರೋ". ಎರಡು ಹೆಜ್ಜೆ ಹಿಂದೆ ನಿಂತ್ಕೊಂಡು ನೋಡ್ರಿ ಅಂದೆ. ನಿಂತು ನೋಡಿದ್ರೆ ನೀಲಿ ಅಂತ ಗೊತ್ತೇ ಆಗಲ್ಲ, ಕಪ್ಪು ಗೆರೆ ಥರಾನೇ ಕಾಣ್ತದೆ, ಕಣ್ಣು ಮಾತ್ರ ಬೇರೆ. ಕೊನೆಗೆ ರೆಪ್ಪೆ ನಡುವೆ ಅಮ್ಮನ ಗೋಲ್ಡ್ ಉಳ್ಕೊಂತು, ಮೂಲೆಯ ಕೆಂಪು ಹೋಯ್ತು, ಲೈನರ್ ನೇವಿ ಆಯ್ತು. ಮನೆಯವರ ಮಾತೂ ಉಳಿಬೇಕಲ್ಲ, ದುಡ್ಡು ಕೊಡೋರು ಅವರೇ.

ಜೇನು ಬಣ್ಣಕ್ಕಾದ್ರೆ ಇದು ಸಲೀಸು. ನಮ್ಮ ಕಡೆ ಜಾಸ್ತಿ ಇರೋದು ಕಡು ಕಂದು, ಹಾಲ್ ಒಳಗೆ ನಿಂತ್ರೆ ಕಪ್ಪೇ ಕಾಣೋ ಅಂಥದ್ದು. ಅಲ್ಲಿ ಎದುರು ಬಣ್ಣದ ಆಟ ಪೂರ್ತಿ ನಡೆಯಲ್ಲ, ಯಾಕಂದ್ರೆ ಕಂದು ಕಂಡ್ರೆ ತಾನೇ ಅದನ್ನ ಎಬ್ಬಿಸೋದು. ಅಲ್ಲಿ ಕೆಲಸ ಮಾಡೋದು ಕತ್ತಲೆ ಬೆಳಕಿನ ವ್ಯತ್ಯಾಸ. ಕಪ್ಪಗಿರೋ ಕಣ್ಣು, ಒಳಗೆ ರೆಪ್ಪೆಕೂದಲಿಗೂ ಕಣ್ಣಿಗೂ ನಡುವಿನ ಒದ್ದೆ ಅಂಚು ಅಂದ್ರೆ ವಾಟರ್‌ಲೈನ್ ತುಂಬ ಕಪ್ಪು ಕಾಜಲ್, ಹೊರಗೆ ಕಪ್ಪು ಲೈನರ್, ಇಷ್ಟೂ ಸೇರಿದ್ರೆ ಫೋಟೋದಲ್ಲಿ ಕಣ್ಣು ಒಂದು ಕಪ್ಪು ಮುದ್ದೆ ಆಗಿ ಬರ್ತದೆ. ಕಣ್ಣು ದೊಡ್ಡದಿದ್ರೆ ತಡ್ಕೊತದೆ, ಅದೊಂಥರ ಚೆಂದಾನೂ ಹೌದು, ಸಣ್ಣ ಕಣ್ಣಾಗಿದ್ರೆ ಮುಗೀತು. ಅಂಥೋರಿಗೆ ಕೆಳಗಿನ ವಾಟರ್‌ಲೈನ್‌ಗೆ ಕಪ್ಪಿನ ಬದಲು ಮೈಬಣ್ಣದ ಪೆನ್ಸಿಲ್ ಇಲ್ಲಾ ನೇವಿ ಹಾಕಿ ನೋಡ್ರಿ, ನೇವಿ ಪಕ್ಕದಲ್ಲಿ ಕಣ್ಣಿನ ಬಿಳಿ ಇನ್ನೂ ಬೆಳ್ಳಗೆ ಕಾಣ್ತದೆ, ಬಿಳಿ ಬೆಳ್ಳಗಾದ್ರೆ ನಡುವಿನ ಕಂದು ತಾನಾಗೇ ತೋರ್ತದೆ. ಮೂಗಿನ ಕಡೆಯ ಮೂಲೆಗೆ ಒಂದು ಚುಕ್ಕೆ ತಿಳಿ ಶಿಮ್ಮರ್. ಮುಹೂರ್ತದ ಹೊತ್ತಿಗೆ ಹಣೆಗೆ ಬಾಸಿಂಗ ಕಟ್ತಾರಲ್ಲ, ಅದರ ನೆರಳು ಕಣ್ಣಿನ ಮೇಲೇ ಬೀಳೋದು, ಆ ಚುಕ್ಕೆ ಇಲ್ದಿದ್ರೆ ಆಲ್ಬಮ್‌ನಲ್ಲಿ ಕಣ್ಣು ಗುಳಿ ಬಿದ್ದಂಗೆ ಬರ್ತದೆ.

ನೀಲಿ ಅಂದ್ರೆ ಹೆದರೋರು ಜಾಸ್ತಿ, ಅದಕ್ಕೂ ಕಾರಣ ಇದೆ. ನೀಲಿ ಪೌಡರನ್ನ, ಬಣ್ಣ ಹಿಡಿಯೋಕೆ ಮೊದ್ಲು ಹಚ್ಚೋ ಪ್ರೈಮರ್ ಇಲ್ದೆ ಬೇಸ್ ಇಲ್ದೆ ಕಂದು ಮೈಬಣ್ಣದ ರೆಪ್ಪೆ ಮೇಲೆ ತಿಕ್ಕಿದ್ರೆ ಬೂದಿ ಬಳಿದಂಗೆ ಆಗ್ತದೆ, ಹುಬ್ಬಿನವರೆಗೆ ಎಳೆದ್ರಂತೂ ಯಾರೋ ಗುದ್ದಿದಾರೆ ಅನ್ನಿಸ್ತದೆ. ಹಂಗಾಗಿ ನೀಲಿನ ಗೆರೆಯಾಗಿ ಇಡಿ, ಹರಡಬೇಡಿ, ಹರಡೋದಕ್ಕೆ ಬ್ರೌನ್ ಇದೆ. ಇನ್ನೊಂದು ತಮಾಷೆ ಏನಂದ್ರೆ ಕಣ್ಣಿನ ಕೆಳಗೆ ನೀಲಿಗಪ್ಪು ಇರೋರಿಗೆ ನಾವು ಕನ್ಸೀಲರ್‌ಗಿಂತ ಮುಂಚೆ ಕಿತ್ತಳೆ ಕರೆಕ್ಟರ್ ಹಚ್ತೀವಲ್ಲ, ಬೆಳ್ಳಗಿರೋರಿಗೆ ಪೀಚ್, ಅದೂ ಇದೇ ಲೆಕ್ಕ. ಪಕ್ಕದಲ್ಲಿ ಇಟ್ರೆ ಎತ್ತಿ ತೋರಿಸೋ ಬಣ್ಣ, ಮೇಲೆ ಹಚ್ಚಿದ್ರೆ ಮುಚ್ಚಿ ಹಾಕ್ತದೆ. ಹೊಸಬರಿಗೆ ಇದೊಂದು ತಲೆಗೆ ಹೋದ್ರೆ ಪ್ಯಾಲೆಟ್ ಭಯ ಹೋಗ್ತದೆ.

ಬೆಕ್ಕಿನ ಕಣ್ಣಿನೋರು ಅಪರೂಪಕ್ಕೆ ಬರ್ತಾರೆ. ಹಸಿರುಬೂದು ಇದ್ರೆ ಬದನೆಕಾಯಿ ಬಣ್ಣ, ವೈನ್, ಬರೀ ಬೂದುನೀಲಿ ಇದ್ರೆ ಕಂಚು ತಾಮ್ರ, ಯೂಟ್ಯೂಬ್ ವಿಡಿಯೋಗಳು ಇವರಿಗೆ ಮಾತ್ರ ಸರಿಯಾಗಿ ಕೆಲಸಕ್ಕೆ ಬರ್ತವೆ. ಮರೂನ್ ಹಾಕೋವಾಗ ಒಂದು ಹುಷಾರು, ಹಿಂದಿನ ದಿನ ರಿಸೆಪ್ಷನ್ ಮುಗಿಸಿ ನಿದ್ದೆ ಇಲ್ದೆ ಕಣ್ಣು ಕೆಂಪಗಿದ್ರೆ ಕೆಂಪು ಮೂಲದ ಯಾವ ಬಣ್ಣಾನೂ ರೆಪ್ಪೆಕೂದಲಿನ ಹತ್ರ ತರಬೇಡಿ, ಅತ್ತು ಬಂದೋರ ಥರ ಕಾಣ್ತಾರೆ. ನಡುವೆ ಬ್ರೌನ್ ಗೆರೆ ಎಳೆದು ಅದರ ಮೇಲೆ ಹಾಕ್ರಿ.

ವಯಸ್ಸಾದೋರ ಕಣ್ಣು ನೋಡೋದು ನನಗೆ ಇನ್ನೂ ಇಷ್ಟ. "ನನಗ್ಯಾಕವ್ವಾ ಇದೆಲ್ಲ, ಹುಡುಗಿಗೆ ಮಾಡು" ಅಂತಾನೇ ಬಂದು ಕೂರ್ತಾರೆ ಬೀಗಿತ್ತಿಯರು. ಅರವತ್ತು ದಾಟಿದೋರಲ್ಲಿ ಕಂದಿನ ಸುತ್ತ ಒಂದು ಬೂದು ಬಿಳಿ ಉಂಗುರ ಕಾಣ್ತದೆ, ಕೊಬ್ಬಿನಂಶ ಕಣ್ಣಿನ ಮುಂದಿನ ಗಾಜಿನಂಥ ಪೊರೆ ಅಂದ್ರೆ ಕಾರ್ನಿಯಾ ಅಂಚಿಗೆ ಸೇರಿ ಆಗೋದು ಅದು, ವಯಸ್ಸಿಗೆ ಸಹಜ. ಚಿಕ್ಕ ವಯಸ್ಸಲ್ಲೇ ಕಂಡ್ರೆ ಕೊಲೆಸ್ಟ್ರಾಲ್ ಚೆಕ್ ಮಾಡಿಸ್ಬೇಕು ಅಂತಾರೆ ಡಾಕ್ಟರು, ಹಂಗೆ ಕಂಡಾಗ ನಾನೂ ಮೆಲ್ಲಗೆ ಹೇಳ್ತೀನಿ. ಆ ಉಂಗುರದಿಂದ ಕಣ್ಣಿನ ಅಂಚು ಮಸುಕಾಗಿರ್ತದೆ, ಅದಕ್ಕೆ ಮೇಲಿನ ರೆಪ್ಪೆಕೂದಲುಗಳ ಸಂದಿಲಿ ಮಾತ್ರ ಡಾರ್ಕ್ ಬ್ರೌನ್ ತುಂಬಿ, ರೆಪ್ಪೆ ಮೇಲೆ ಈರುಳ್ಳಿ ಬಣ್ಣದ ಮ್ಯಾಟ್ ಸ್ವಲ್ಪ. ಶಿಮ್ಮರ್ ಬೇಡ, ಸುಕ್ಕಿನ ಗೆರೆಗೆಲ್ಲ ಹೋಗಿ ಕೂರ್ತದೆ. ಇಷ್ಟಕ್ಕೇ ಕನ್ನಡಿ ಕೈಗೆ ಕೊಟ್ರೆ ವಾಪಸ್ ಕೊಡೋದೇ ಇಲ್ಲ ಅವರು.

ಬೆಳಕಿನ ವಿಚಾರ ಹೇಳ್ದಿದ್ರೆ ಇದೆಲ್ಲ ವೇಸ್ಟ್. ಹಳದಿ ಬಲ್ಬಿನ ಬೆಳಕಲ್ಲಿ ನೀಲಿ ಮಂಕಾಗ್ತದೆ, ನೇರಳೆ ಕಂದಿನ ಕಡೆ ಸರೀತದೆ, ತಾಮ್ರ ಗೋಲ್ಡು ಮಿಂಚ್ತವೆ. ಬಿಳಿ ಎಲ್ಇಡಿ ಪ್ಯಾನೆಲ್ ಇದ್ರೆ ಉಲ್ಟಾ. ಅದಕ್ಕೇ ನಾನು ವಿಡಿಯೋದವರ ನಂಬರ್ ಇಸ್ಕೊಂಡು "ಅಣ್ಣಾ, ಸ್ಟೇಜಿಗೆ ಯಾವ ಲೈಟು, ಹಳದಿನಾ ಬಿಳಿನಾ" ಅಂತ ಕೇಳೋದು, ಮೊದಮೊದ್ಲು ನಗ್ತಿದ್ರು, ಈಗ ಅವರೇ ಫೋನ್ ಮಾಡಿ ಹೇಳ್ತಾರೆ. ಹಳದಿ ಲೈಟಾದ್ರೆ ನೇವಿ ಬದಲು ನವಿಲು ಬಣ್ಣ, ಒಂದು ಹದ ಜೋರಾಗಿ. ಏಪ್ರಿಲ್ ಮೇ ಮದುವೆ ಆದ್ರೆ ಇನ್ನೂ ಒಂದು ತಲೆನೋವು, ನಮ್ಮೂರ ಸೆಖೆಗೆ ಎಂಥ ಪೆನ್ಸಿಲ್ ಆದ್ರೂ ಕರಗ್ತದೆ. ಗೆರೆ ಎಳೆದ ಮೇಲೆ ಅದೇ ಬಣ್ಣದ ಪೌಡರ್ ಶ್ಯಾಡೋನ ಸಣ್ಣ ಬ್ರಷ್ಷಲ್ಲಿ ಮೇಲೆ ಒತ್ತಿ ಕೂರ್ಸಿದ್ರೆ ಅಕ್ಕಿಕಾಳು ಬೀಳೋವರೆಗಾದ್ರೂ ನಿಲ್ತದೆ.

ಬಣ್ಣದ ಲೆನ್ಸ್ ಕೇಳೋರಿಗೆ ನಾನು ಕಣ್ಣಿನ ಡಾಕ್ಟರ ಹತ್ರ ತೋರಿಸ್ಕೊಂಡು ನಿಮ್ದೇ ತಗೊಂಡು ಬನ್ನಿ ಅಂತೀನಿ, ಒಬ್ರ ಲೆನ್ಸ್ ಇನ್ನೊಬ್ರಿಗೆ ಹಾಕೋದು ನಮ್ಮಲ್ಲಿ ಇಲ್ಲವೇ ಇಲ್ಲ, ಇನ್ಫೆಕ್ಷನ್ ಆದ್ರೆ ದೃಷ್ಟಿಗೇ ಕುತ್ತು. ಹಾಕೋದಾದ್ರೆ ಮೇಕಪ್‌ಗೆ ಮುಂಚೆ ಹಾಕ್ಬೇಕು, ರಾತ್ರಿ ಮೇಕಪ್ ತೆಗೆಯೋಕೆ ಮುಂಚೆ ತೆಗಿಬೇಕು. ಜಾತ್ರೇಲಿ ಸಿಗೋ ಹೆಸರಿಲ್ಲದ ಸುರ್ಮಾನೂ ಬೇಡ, ಸುರ್ಮಾದಲ್ಲಿ ಸೀಸ ಇರೋದು ಎಷ್ಟೋ ಕಡೆ ಟೆಸ್ಟ್ ಮಾಡಿದಾಗ ಸಿಕ್ಕಿದೆ, ಮಕ್ಕಳಿಗಂತೂ ಹಚ್ಚಲೇಬೇಡಿ.

ಮನೇಲಿ ತಾವೇ ಮಾಡ್ಕೊಳೋರು ದೊಡ್ಡ ಪ್ಯಾಲೆಟ್‌ಗೆ ದುಡ್ಡು ಹಾಕೋದು ನನಗೆ ಸರಿ ಕಾಣಲ್ಲ, ಅದರಲ್ಲಿ ಮುಕ್ಕಾಲು ಬಣ್ಣ ಮುಟ್ಟೋದೇ ಇಲ್ಲ ಯಾರೂ. ಒಂದು ನೇವಿ ಪೆನ್ಸಿಲ್ಲು, ಮೈಬಣ್ಣಕ್ಕಿಂತ ಒಂದು ಹದ ಗಾಢ ಇರೋ ಮ್ಯಾಟ್ ಬ್ರೌನು, ತಿಳಿ ಶಿಮ್ಮರ್ ಒಂದು, ಕಣ್ಣು ತಿಳಿ ಇದ್ರೆ ಜೊತೆಗೊಂದು ನೇರಳೆ. ಮಸ್ಕಾರ ಸಣ್ಣದೇ ತಗೊಳ್ರಿ, ಓಪನ್ ಮಾಡಿ ಮೂರು ತಿಂಗಳಿಗೆ ಬಿಸಾಕ್ಬೇಕು. ಪೆನ್ಸಿಲ್ ತಗೊಳೋವಾಗ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ಒಪ್ಕೊಬೇಡಿ, ನೇವಿ ಅಂತ ಕೊಟ್ಟಿದ್ದು ಕಪ್ಪೋ ನೀಲಿನೋ ಅಲ್ಲಿ ತಿಳಿಯಲ್ಲ. ಕೈ ಹಿಂಭಾಗಕ್ಕೆ ಒಂದು ಗೆರೆ ಎಳ್ಕೊಂಡು ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ ನೋಡ್ರಿ, ಆಮೇಲೆ "ಒಂದ್ ನಿಮಿಷ ಅಣ್ಣಾ" ಅಂತ ಹೇಳಿ ಬಾಗಿಲ ಹೊರಗೆ ಬಿಸಿಲಿಗೆ ಕೈ ಹಿಡಿದು ನೋಡ್ರಿ, ಮಂಡಿಪೇಟೆ ಅಂಗಡಿಯೋರು ಇದಕ್ಕೆಲ್ಲ ಬೇಜಾರ್ ಮಾಡ್ಕೊಳಲ್ಲ.