ಈಟನ್ ಸ್ಕ್ವೇರಿನ ನೀಲಿ ಫಲಕ

ಲಂಡನ್ನಿನ ಈಟನ್ ಸ್ಕ್ವೇರ್, 80ನೇ ನಂಬರ್ ಮನೆ. ಗೋಡೆಯ ಮೇಲೆ ನೀಲಿ ಫಲಕ: ಜಾರ್ಜ್ ಪೀಬಾಡಿ, 1795–1869, ದಾನಿ, ಇಲ್ಲಿ ತೀರಿಕೊಂಡರು. ಅಷ್ಟೇ. ಇವತ್ತು ಅದರ ಮುಂದೆ ಸ್ವಲ್ಪ ಜಾಸ್ತಿ ಹೊತ್ತೇ ನಿಂತಿದ್ದೆ.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಬಡ ಮನೆಯ ಹುಡುಗ. ಲಂಡನ್ನಿಗೆ ಬಂದು ದೊಡ್ಡ ಬ್ಯಾಂಕರ್ ಆದರು. 1862ರಲ್ಲಿ ಈ ಊರಿನ ಬಡವರಿಗಾಗಿ ಒಂದೂವರೆ ಲಕ್ಷ ಪೌಂಡ್ ಕೊಟ್ಟರು. ಆಮೇಲೆ ಸೇರಿಸುತ್ತಾ ಹೋಗಿ ಅದು ಐದು ಲಕ್ಷವಾಯಿತು. ಆ ದುಡ್ಡಿನಲ್ಲಿ ದುಡಿದು ತಿನ್ನುವ ಕುಟುಂಬಗಳಿಗೆ ಬಾಡಿಗೆ ಮನೆಗಳು ಎದ್ದವು. ಮೊದಲ ಕಟ್ಟಡ ತೆರೆದದ್ದು 1864ರಲ್ಲಿ, ಸ್ಪಿಟಲ್‌ಫೀಲ್ಡ್ಸ್‌ನ ಕಮರ್ಷಿಯಲ್ ಸ್ಟ್ರೀಟಿನಲ್ಲಿ. ಅವರ ಹೆಸರಿನ ಸಂಸ್ಥೆ ಈಗಲೂ ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಿದೆ.

ನನ್ನ ಮನಸ್ಸಿಗೆ ತಟ್ಟಿದ್ದು ಬೇರೆ. ಈ 80ನೇ ನಂಬರ್ ಮನೆ ಅವರದ್ದಲ್ಲ, ಗೆಳೆಯ ಕರ್ಟಿಸ್ ಲ್ಯಾಂಪ್ಸನ್ ಅವರದ್ದು. ಅಷ್ಟು ಜನಕ್ಕೆ ಸೂರು ಕೊಟ್ಟವರು ಕೊನೆಯುಸಿರೆಳೆದದ್ದು ಸ್ನೇಹಿತನ ಮನೆಯಲ್ಲಿ. ಮದುವೆಯೂ ಆಗಿರಲಿಲ್ಲ. ವಿಕ್ಟೋರಿಯಾ ರಾಣಿ ಬಿರುದು ಕೊಡಲು ಬಂದಾಗ ಬೇಡ ಅಂದರು.

ಫಲಕದಲ್ಲಿ ಆ ಬಾಡಿಗೆ ಮನೆಗಳ ಬಗ್ಗೆ ಒಂದು ಸಾಲಾದರೂ ಇರಬೇಕಿತ್ತು, ಅಲ್ವಾ? ಇತ್ತ ಬಂದವರು ಕಮರ್ಷಿಯಲ್ ಸ್ಟ್ರೀಟಿಗೂ ಹೋಗಿ ಬನ್ನಿ. ಆ ಕಟ್ಟಡ ಇನ್ನೂ ಇದೆ.