ಬೆಳಕು ಆರಿದರೆ ಲಾಭ

ಬೆಳಕು ಬೀರುವ, ಬಿಸಿಲಿನಿಂದ ವಿದ್ಯುತ್ ಕೊಡುವ ಪಾಲಿಮರ್‌ಗಳ ಪ್ರಯೋಗಾಲಯ ಸೇರಿದ ಹೊಸತರಲ್ಲಿ ನನ್ನ ಪಾಲಿಗೆ ಬಂದದ್ದು ಗಾಜು ತೊಳೆಯುವ ಕೆಲಸ. ಐಟಿಒ ಎಂಬ, ವಿದ್ಯುತ್ ಹರಿಸುವ ಪಾರದರ್ಶಕ ವಸ್ತು ಲೇಪಿಸಿದ ಗಾಜಿನ ಚೂರುಗಳನ್ನು ಸೋಪಿನ ನೀರು, ಅಸಿಟೋನ್, ಐಸೊಪ್ರೊಪೈಲ್ ಆಲ್ಕೊಹಾಲ್‌ಗಳಲ್ಲಿ ಸರದಿಯಂತೆ ಅದ್ದಬೇಕು. ಮೇಲೆ ಕೂರುವ ಪಾಲಿಮರ್ ಪದರದ ದಪ್ಪ ಸುಮಾರು 100 ನ್ಯಾನೊಮೀಟರ್. ಅದರೆದುರು ಧೂಳಿನ ಕಣವೂ ಬೆಟ್ಟ.

ಕೊನೆಗೊಂದು ದಿನ ಗ್ಲೋವ್ ಬಾಕ್ಸ್ (ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ) ಮುಂದೆ ನಿಲ್ಲುವ ಯೋಗ ಬಂತು. ಒಳಗೆಲ್ಲ ನೈಟ್ರೋಜನ್. ಗಾಳಿಯ ಆಮ್ಲಜನಕ, ತೇವ ಎರಡೂ ಈ ಪಾಲಿಮರ್‌ಗೆ ಆಗಿಬರುವುದಿಲ್ಲ. ದಪ್ಪ ರಬ್ಬರ್ ಕೈಗವಸಿನಲ್ಲಿ ಚಿಮಟ ಹಿಡಿಯುವುದೇ ಒಂದು ಸಾಹಸ. ಅಂದಿನ ವಸ್ತು ಎಂಇಎಚ್-ಪಿಪಿವಿ ಎಂಬ ಪಾಲಿಮರ್. 1990ರಲ್ಲಿ ಕೇಂಬ್ರಿಜ್‌ನವರು ವಿದ್ಯುತ್ ಹರಿಸಿ ಬೆಳಗಿಸಿ ತೋರಿಸಿದ ಪಿಪಿವಿಯ ದಾಯಾದಿ ಇದು. ಅದಕ್ಕಿಲ್ಲದ ಗುಣವೆಂದರೆ ದ್ರಾವಕದಲ್ಲಿ ಕರಗುತ್ತದೆ. ಕ್ಲೋರೊಬೆಂಜೀನ್‌ನಲ್ಲಿ ಕರಗಿಸಿದ ಕೆಂಪು ಮಿಶ್ರಿತ ಕಿತ್ತಳೆ ದ್ರಾವಣವನ್ನು ಗಾಜಿನ ಮೇಲೆ ಹನಿಸಿ ಗರಗರನೆ ತಿರುಗಿಸಿದರೆ ಪದರ ಸಿದ್ಧ.

ಇನ್ನೊಂದು ಗಾಜಿಗೆ ಅದೇ ಪಾಲಿಮರ್ ಜೊತೆ ಪಿಸಿಬಿಎಂ ಎಂಬ ಫುಲರೀನ್ (ಇಂಗಾಲದ ಚೆಂಡಿನಂಥ ಅಣು) ಬೆರೆಸಿ ಹಾಕಿದೆವು. ದೀಪ ಆರಿಸಿ ಎರಡರ ಮೇಲೂ ನೇರಳಾತೀತ ಟಾರ್ಚ್ ಬಿಟ್ಟಾಗ ಮೊದಲನೆಯದು ಕೆಂಡದ ಬಣ್ಣದಲ್ಲಿ ಹೊಳೆಯಿತು. ಎರಡನೆಯದು ಕಪ್ಪಗೆ ಕುಳಿತಿತ್ತು.

"ಕೆಟ್ಟುಹೋಯಿತೇ ಅಕ್ಕಾ?" ಎಂದೆ, ಕಲಿಸುತ್ತಿದ್ದ ಹಿರಿಯ ಸಂಶೋಧಕಿಯನ್ನು.

"ಇಲ್ಲ ಮಾರಾಯ. ಎಲ್‌ಇಡಿಗೆ ಇದು ನಷ್ಟ, ಸೌರಕೋಶಕ್ಕೆ ಇದೇ ಲಾಭ."

ಬೆಳಕು ಬಿದ್ದಾಗ ಪಾಲಿಮರ್‌ನಲ್ಲಿ ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಬಂದ ಖಾಲಿ ಜಾಗ, ಅಂದರೆ ರಂಧ್ರ, ಜೋಡಿಯಾಗಿ ಅಂಟಿಕೊಂಡೇ ಇರುತ್ತವೆ. ಮತ್ತೆ ಒಂದಾದರೆ ಬೆಳಕು ಹೊರಬೀಳುತ್ತದೆ. ಫುಲರೀನ್ ಪಕ್ಕದಲ್ಲಿದ್ದರೆ ಎಲೆಕ್ಟ್ರಾನ್ 100 ಫೆಮ್ಟೊಸೆಕೆಂಡಿಗೂ (ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲೊಂದು ಪಾಲು) ಮೊದಲೇ ಅದಕ್ಕೆ ಹಾರುತ್ತದೆ. ಬೆಳಗಲು ಪುರುಸೊತ್ತೇ ಸಿಗುವುದಿಲ್ಲ. ಬೇರೆಯಾದ ಆ ಎರಡನ್ನು ಎರಡು ಕಡೆಗೆ ಎಳೆದುಕೊಂಡರೆ ಕರೆಂಟು. ಆದರೆ ಜೋಡಿ ಕ್ರಮಿಸಬಲ್ಲ ದೂರ 10 ನ್ಯಾನೊಮೀಟರ್ ಆಸುಪಾಸು ಮಾತ್ರ. ಎರಡನ್ನೂ ಪದರ ಪದರವಾಗಿ ಹಾಕದೆ ಕಲಸಿಬಿಡುವುದು ಅದಕ್ಕಾಗಿಯೇ.

ಅಂದು ನಮ್ಮ ಕೋಶದ ದಕ್ಷತೆ ಶೇಕಡಾ 1ನ್ನು ದಾಟಲು ಹೆಣಗಾಡಿತು. ಈಗ ಫುಲರೀನ್ ಬಿಟ್ಟು ಬೇರೆ ಅಣುಗಳನ್ನು ಬೆರೆಸಿ ಪ್ರಯೋಗಾಲಯಗಳಲ್ಲಿ ಶೇಕಡಾ 18 ಮೀರಿದ್ದಾರೆ. ತಮಾಷೆಯೆಂದರೆ, ಆ ಮಿಶ್ರಣಗಳಿಗೆ ತಿರುಗಿ ಕರೆಂಟು ಕೊಟ್ಟರೆ ಹಳೆಯವುಗಳಿಗಿಂತ ಚೆನ್ನಾಗಿ ಬೆಳಗುತ್ತವೆ. ಚೆನ್ನಾಗಿ ಬೆಳಗುವುದೆಂದರೆ ಶಕ್ತಿ ಶಾಖವಾಗಿ ಪೋಲಾಗುವುದು ಕಡಿಮೆ ಎಂದರ್ಥ; ಅದು ಕಡಿಮೆಯಾದಷ್ಟೂ ಕೋಶದ ವೋಲ್ಟೇಜು ಏರುತ್ತದಂತೆ. ಅಕ್ಕ ಈಗ ವಿದೇಶದಲ್ಲಿದ್ದಾರೆ. ಸಿಕ್ಕಾಗ ಆ ಲಾಭ-ನಷ್ಟದ ಲೆಕ್ಕವನ್ನು ಮತ್ತೆ ಕೆದಕಬೇಕು.