ಬುಸೋಗದ ಅಜ್ಜ-ಅಜ್ಜಿಯರಿಗೆ ಚಪ್ಪಲಿಗಿಂತ ಮೊದಲು ನೆಲ

ಪೂರ್ವ ಉಗಾಂಡದ ಬುಸೋಗ ಸೀಮೆಯ ಹಳ್ಳಿಗಳಲ್ಲಿ ವಯಸ್ಸಾದವರಿಗೆ ಏನಾದರೂ ಮಾಡಬೇಕು ಎಂದು ಹೊರಟವರು ಮೊದಲು ಕೊಳ್ಳುವುದು ಕಂಬಳಿ, ಆಮೇಲೆ ಚಪ್ಪಲಿ. ಕೊಡಬೇಡಿ ಎಂದಲ್ಲ. ಆದರೆ ಅಲ್ಲಿನ ಒಂಟಿ ಮುದುಕರನ್ನು ನಿಜವಾಗಿ ಹಾಸಿಗೆ ಹಿಡಿಸುವುದು ಎನ್ವುಂಜ, ಅಂದರೆ ಜಿಗರ್ ಎಂಬ ಚಿಗಟ. ಅದು ಇರುವುದು ಮನೆಯ ನೆಲದಲ್ಲಿ. ನೆಲ ಬಿಟ್ಟು ಕಾಲಿಗೆ ಮಾತ್ರ ಉಪಚಾರ ಮಾಡಿದರೆ ತಿಂಗಳೊಳಗೆ ಮತ್ತೆ ಮೊದಲಿನಂತೆಯೇ.

ಇದು ಆಫ್ರಿಕದ ಹುಳುವಲ್ಲ. 1872ರಲ್ಲಿ ಬ್ರೆಜಿಲ್‌ನಿಂದ ಅಂಗೋಲಕ್ಕೆ ಬಂದ ಹಡಗೊಂದರ ಮರಳಿನ ಜೊತೆ ಇಳಿದು, ವ್ಯಾಪಾರದ ದಾರಿಗಳಲ್ಲಿ ಖಂಡದ ಉದ್ದಗಲಕ್ಕೂ ಹರಡಿತು. ಗಾತ್ರ ಒಂದು ಮಿಲಿಮೀಟರ್. ಹೆಣ್ಣು ಚಿಗಟ ಹಿಮ್ಮಡಿ, ಬೆರಳ ಸಂದು, ಉಗುರಿನ ಅಂಚಿನಲ್ಲಿ ಚರ್ಮದೊಳಗೆ ಹೊಕ್ಕು, ಒಂದೆರಡು ವಾರದಲ್ಲಿ ಬಟಾಣಿಯಷ್ಟು ಊದಿಕೊಳ್ಳುತ್ತದೆ. ಹಿಂಭಾಗವನ್ನು ಮಾತ್ರ ಹೊರಗಿಟ್ಟು ಮೊಟ್ಟೆಗಳನ್ನು ನೆಲಕ್ಕೆ ಉದುರಿಸಿ, ನಾಲ್ಕಾರು ವಾರದಲ್ಲಿ ಅಲ್ಲೇ ಸಾಯುತ್ತದೆ. ಮೊಟ್ಟೆಗಳು ಒಣ ದೂಳಿನಲ್ಲಿ ಮೂರು-ನಾಲ್ಕು ದಿನಕ್ಕೆ ಒಡೆದು, ಸುಮಾರು ಮೂರು ವಾರದಲ್ಲಿ ಹೊಸ ಚಿಗಟಗಳು ಸಿದ್ಧ. ಗಟ್ಟಿಮುಟ್ಟಾದವರು ಹೊಕ್ಕ ದಿನವೇ ನೋಡಿ ತೆಗೆದುಹಾಕುತ್ತಾರೆ. ಕಣ್ಣು ಮಂಜಾದ, ಸೊಂಟ ಬಗ್ಗದ ಜಾಜಾಗಳಿಗೆ (ಅಜ್ಜ-ಅಜ್ಜಿ ಇಬ್ಬರನ್ನೂ ಕರೆಯುವುದು ಹೀಗೇ) ತಮ್ಮ ಪಾದವೇ ಕಾಣುವುದಿಲ್ಲ. ಹಾಗಾಗಿ ಕಾಲಿನಲ್ಲಿ ಹತ್ತಾರು ಉಳಿದು, ಕೀವಾಗಿ, ನಡೆಯುವುದೇ ನಿಲ್ಲುತ್ತದೆ. ನಡಿಗೆ ನಿಂತರೆ ನೀರೂ ಇಲ್ಲ, ಹೊಲವೂ ಇಲ್ಲ.

ಮನೆಯಲ್ಲಿ ಮಕ್ಕಳಿದ್ದಾರೆಯೇ ನೋಡಿ. ಏಡ್ಸ್‌ನಿಂದ ಅಪ್ಪ-ಅಮ್ಮ ಸತ್ತು ಅಜ್ಜಿಯೇ ಮೊಮ್ಮಕ್ಕಳನ್ನು ಸಾಕುತ್ತಿರುವ ಮನೆಗಳು ಅಲ್ಲಿ ಸಾಕಷ್ಟಿವೆ. ಒಂದೇ ಚಾಪೆಯ ಮೇಲೆ ಮಲಗುವವರೆಲ್ಲರಿಗೂ ಒಂದೇ ದಿನ ಉಪಚಾರ ಆಗಬೇಕು.

ಕಾಲಿನ ಉಪಚಾರಕ್ಕೆ ಎರಡು ದಾರಿ. ಒಂದು ಪೊಟ್ಯಾಸಿಯಂ ಪರ್ಮಾಂಗನೇಟ್, ನೀರಿನಲ್ಲಿ ಕರಗಿಸುವ ನೇರಳೆ ಹರಳು. 0.05 ಶೇಕಡ ದ್ರಾವಣ ಬೇಕು, ಅಂದರೆ 10 ಲೀಟರ್ ನೀರಿಗೆ 5 ಗ್ರಾಂ. ಚಮಚದ ಲೆಕ್ಕ ಬೇಡ. ಆರೋಗ್ಯ ಕೇಂದ್ರದ ತಕ್ಕಡಿಯಲ್ಲಿ ತೂಗಿಸಿ 5 ಗ್ರಾಂ ಪೊಟ್ಟಣಗಳನ್ನು ಮೊದಲೇ ಕಟ್ಟಿಸಿಕೊಳ್ಳಿ. ಮೊದಲು ಸೋಪಿನಲ್ಲಿ ಕಾಲು ತೊಳೆದು, ಆಮೇಲೆ 10-15 ನಿಮಿಷ ದ್ರಾವಣದಲ್ಲಿ ಇಡಿಸಿ, ಒರೆಸಿ ವ್ಯಾಸಲಿನ್ ಹಚ್ಚುವುದು. ಇಲ್ಲಿ ಹೆಚ್ಚಾಗಿ ಆಗುವ ಎಡವಟ್ಟೆಂದರೆ ಹರಳು ಕರಗುವ ಮೊದಲೇ ಕಾಲಿಡಿಸುವುದು. ತಳದಲ್ಲಿ ಕೂತ ಹರಳು ಚರ್ಮವನ್ನು ಸುಡುತ್ತದೆ. ಸಕ್ಕರೆಕಾಯಿಲೆ, ಕುಷ್ಠದಿಂದ ಸ್ಪರ್ಶ ಹೋದ ಕಾಲಾದರೆ ಅವರಿಗೆ ಗೊತ್ತೇ ಆಗುವುದಿಲ್ಲ. ನೀರಿನ ಬಿಸಿಯನ್ನೂ ಉಪಚಾರ ಮಾಡುವವರು ತಮ್ಮ ಮೊಣಕೈಯಿಂದಲೇ ನೋಡಬೇಕು.

ಇನ್ನೊಂದು ಡೈಮೆಥಿಕೋನ್, ತೆಳುವಾದ ಸಿಲಿಕೋನ್ ಎಣ್ಣೆ. ಇದು ಚಿಗಟದ ಉಸಿರಾಟದ ರಂಧ್ರಗಳನ್ನು ಮುಚ್ಚುತ್ತದೆ. ಕೀನ್ಯಾದಲ್ಲಿ ಮಕ್ಕಳ ಕಾಲಿನ ಮೇಲೆ ನಡೆದ ಹೋಲಿಕೆಯಲ್ಲಿ ಏಳನೇ ದಿನಕ್ಕೆ ಡೈಮೆಥಿಕೋನ್ ಹಚ್ಚಿದ ಚಿಗಟಗಳಲ್ಲಿ 78 ಶೇಕಡ ಸತ್ತಿದ್ದರೆ, ಪರ್ಮಾಂಗನೇಟ್‌ನಲ್ಲಿ 39 ಮಾತ್ರ. ಹಣವಿದ್ದರೆ ಇದನ್ನೇ ತರಿಸಿ. ಆದರೆ ಇದಕ್ಕೆ ಬೆಂಕಿ ಹತ್ತುತ್ತದೆ. ಮೂರು ಕಲ್ಲಿನ ಒಲೆ, ಸೀಮೆಎಣ್ಣೆ ಬುಡ್ಡಿ ಹತ್ತಿರವಿರುವಾಗ ಹಚ್ಚಬಾರದು. ಪಿನ್ನಿನಿಂದ ಅಗೆಯುವುದನ್ನು ಮಾತ್ರ ಯಾವ ಕಾರಣಕ್ಕೂ ಪ್ರೋತ್ಸಾಹಿಸಬೇಡಿ. ಒಂದೇ ಪಿನ್ನು ಮನೆಯವರಿಗೆಲ್ಲ ತಿರುಗುತ್ತದೆ, ಎಚ್‌ಐವಿ, ಹೆಪಟೈಟಿಸ್ ಬಿ ಎರಡಕ್ಕೂ ಅದು ದಾರಿ. ಧನುರ್ವಾಯು ಚುಚ್ಚುಮದ್ದನ್ನೂ ಕೇಳಿ ನೋಡಿ: ಹೆಂಗಸರಿಗೆ ಬಸುರಿಯಿದ್ದಾಗ ಸಿಕ್ಕಿರಬಹುದು, ಗಂಡಸರಿಗೆ ಹುಟ್ಟಿದಾರಭ್ಯ ಒಂದೂ ಸಿಕ್ಕಿರದಿರಬಹುದು.

ಇದೆಲ್ಲ ಮನೆಯೊಳಗೆ ನಡೆಯಬೇಕು, ಮಾವಿನ ಮರದ ಕೆಳಗೆ ಸಾಲಾಗಿ ಕೂರಿಸಿ ಅಲ್ಲ. ಜಿಗರ್ ಇದ್ದವರು ಸೋಮಾರಿಗಳು, ಕೊಳಕರು, ಯಾರೋ ಮಾಟ ಮಾಡಿಸಿದ್ದಾರೆ ಎಂಬ ಮಾತು ಊರಲ್ಲಿ ಇದ್ದೇ ಇದೆ. ಪಾದದ ಫೋಟೋ ತೆಗೆದು ವಾಟ್ಸ್ಯಾಪ್‌ಗೆ ಹಾಕಿದ ಮೇಲೆ ಅಂಥವರು ಎರಡನೇ ಸಲ ಬಾಗಿಲು ತೆರೆಯದಿದ್ದರೆ ತಪ್ಪು ಅವರದಲ್ಲ.

ಈಗ ನೆಲ. ಮಣ್ಣು, ಸಗಣಿ ಸಾರಿಸಿದ ನೆಲ ನಮಗೂ ಗೊತ್ತಿರುವುದೇ. ಆಗಾಗ ಸಾರಿಸುತ್ತಿದ್ದರೆ ದೂಳೇಳುವುದಿಲ್ಲ. ಕೈಲಾಗದವರ ಮನೆಯಲ್ಲಿ ಅದು ಬಿರಿದು ಪುಡಿಯಾಗುತ್ತದೆ, ಚಿಗಟಕ್ಕೆ ಬೇಕಾದದ್ದು ಆ ಪುಡಿಯೇ. 3 ಮೀಟರ್ ಉದ್ದಗಲದ ಕೋಣೆಗೆ ಹೀಗೆ: ಹಳೆಯ ದೂಳುಮಣ್ಣನ್ನು ಕೆರೆದು ಮನೆಯಿಂದ ದೂರ ಹಾಕಿ, ಮರಂ (ನಮ್ಮ ಗರಸು) 10 ಸೆಂಟಿಮೀಟರ್ ಹರಡಿ ನೀರು ಚಿಮುಕಿಸಿ ದಿಮ್ಮಸು ಮಾಡುವುದು. ಮೇಲೆ 5 ಸೆಂಟಿಮೀಟರ್ ಕಾಂಕ್ರೀಟು. ಸಿಮೆಂಟು, ಮರಳು, ಜಲ್ಲಿ 1:3:6. ಇದಕ್ಕೆ 50 ಕಿಲೋದ ಎರಡು ಚೀಲ ಸಿಮೆಂಟು ಬೇಕು. ಅದರ ಮೇಲೆ ಒಂದು ಸೆಂಟಿಮೀಟರ್ 1:4 ಗಾರೆಗೆ ಇನ್ನೊಂದು ಚೀಲ. ಕೆಲಸ ಕೆಡುವುದು ಇದಾದ ಮೇಲೆ. ಏಳು ದಿನ ನೀರುಣಿಸಬೇಕು, ದಿನಕ್ಕೆ ಕನಿಷ್ಠ ನೀರು ಹೊರುವ 20 ಲೀಟರಿನ ಎರಡು ಜೆರ‍್ರಿಕ್ಯಾನ್. ಆ ನೀರನ್ನು ಯಾರು ಹೊರುತ್ತಾರೆ, ಆ ವಾರ ಅಜ್ಜಿ ಎಲ್ಲಿ ಮಲಗುತ್ತಾರೆ ಎಂಬುದನ್ನು ಸಿಮೆಂಟು ತರುವ ಮೊದಲೇ ಗೊತ್ತು ಮಾಡಿಕೊಳ್ಳದಿದ್ದರೆ ನೆಲ ಬಿರುಕು ಬಿಟ್ಟು ಬಿರುಕಿನಲ್ಲಿ ಮತ್ತೆ ದೂಳು ಕೂರುತ್ತದೆ. ಸಿಮೆಂಟಿನ ಬದಲು ಗರಸು, ಮರಳು, ಜೇಡಿಯನ್ನು ಬಡಿದು ಗಟ್ಟಿಮಾಡಿ ಮೇಲೆ ಅಗಸೆ ಎಣ್ಣೆ ಹೊಯ್ದು ಒಣಗಿಸುವ ನೆಲವೂ ಇದೆ. ರ‍್ವಾಂಡದಲ್ಲಿ ಅರ್ಥ್‌ಎನೇಬಲ್ ಎಂಬ ಸಂಸ್ಥೆ ಇದನ್ನು ಬೆಳೆಸಿ ಉಗಾಂಡಕ್ಕೂ ತಂದಿದೆ. ಸಿಮೆಂಟಿಗಿಂತ ಅಗ್ಗ, ಆದರೆ ಕೈ ಪಳಗಿದವರೇ ಮಾಡಬೇಕು.

ಮೇಕೆ, ಕೋಳಿ, ಹಂದಿ ರಾತ್ರಿ ಮನುಷ್ಯರ ಜೊತೆ ಒಳಗೇ ಇರುವುದು ಇನ್ನೊಂದು ತೊಡಕು. ಹಂದಿ, ನಾಯಿ, ಇಲಿಗಳಲ್ಲೂ ಜಿಗರ್ ಬೆಳೆಯುತ್ತದೆ. ಹೊರಗೆ ಕಟ್ಟಿ ಎಂದು ಹೇಳಿ ಬರುವುದು ಸುಲಭ. ಒಳಗೆ ಕಟ್ಟುವುದು ಕಳ್ಳರ ಭಯದಿಂದ. ಮನೆಯ ಗೋಡೆಗೇ ಆನಿಸಿ ಬೀಗ ಹಾಕುವಂಥ ದೊಡ್ಡಿ ಮಾಡಿಕೊಟ್ಟರೆ ಮಾತ್ರ ಕೇಳುತ್ತಾರೆ.

ಚಪ್ಪಲಿಯ ವಿಚಾರ: ಊದಿದ ಕಾಲಿಗೆ ದಾನದ ಶೂ ಹಿಡಿಸುವುದಿಲ್ಲ. ಹಿಡಿಸಿದರೂ ಅದು ಚರ್ಚಿಗೆ ಹೋಗುವ ದಿನಕ್ಕೆ ಮೀಸಲು. ಗಾಯ ಮಾಯ್ದ ಮೇಲೆ ಕಾಲಿನ ಅಳತೆ ತೆಗೆದೇ ಕೊಳ್ಳಿ.

ನೀರು ತುಂಬಿದ ಜೆರ‍್ರಿಕ್ಯಾನ್ 20 ಕಿಲೋ. ಎಪ್ಪತ್ತೈದರ ಅಜ್ಜಿ ಹೊರಲಾರರು. 5 ಲೀಟರಿನವು ಕೊಡಿ. ತಗಡಿನ ಮಾಡು ಇದ್ದರೆ ಒಂದು ಬದಿಗೆ ಮಳೆನೀರು ಹಿಡಿಯುವ ದೋಣಿ ಹಾಕಿದರೂ ಸಾಕು. 25 ಚದರ ಮೀಟರ್ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ, ಸೋರಿ ಹೋದದ್ದು ಕಳೆದು 200 ಲೀಟರ್, ಒಂದು ಡ್ರಮ್ಮು. ಡ್ರಮ್ಮಿಗೆ ಮುಚ್ಚಳ, ಬುಡದಲ್ಲಿ ನಲ್ಲಿ ಇರಲೇಬೇಕು, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ.

ಸರ್ಕಾರದ ವೃದ್ಧಾಪ್ಯ ವೇತನವನ್ನು ದೇಶದಾದ್ಯಂತ ವಿಸ್ತರಿಸಿದಾಗ ಅದು ತಿಂಗಳಿಗೆ 25,000 ಶಿಲಿಂಗ್, 80 ತುಂಬಿದವರಿಗೆ ಎಂದಾಯಿತು. 2014ರಲ್ಲಿ ಸಾಮೂಹಿಕವಾಗಿ ರಾಷ್ಟ್ರೀಯ ಗುರುತಿನ ಚೀಟಿ ಮಾಡಿದಾಗ ವಯಸ್ಸು ಅಂದಾಜಿನಲ್ಲಿ ಬರೆಸಿದವರು, ತಪ್ಪಾಗಿ ಬರೆಸಿಕೊಂಡವರು ಬಹಳ. ಜೀವಮಾನವೆಲ್ಲ ಗುದ್ದಲಿ ಹಿಡಿದು ಬೆರಳ ಗೆರೆ ಸವೆದಿದ್ದರೆ ಯಂತ್ರ ಗುರುತು ಹಿಡಿಯುವುದೂ ಇಲ್ಲ. ತಿದ್ದುಪಡಿಗೆ ಚರ್ಚಿನ ಬ್ಯಾಪ್ಟಿಸಂ ಪುಸ್ತಕವೇ ಎಷ್ಟೋ ಸಲ ಇರುವ ಒಂದೇ ಕಾಗದ. ಜೊತೆಗೆ ಎಲ್‌ಸಿ1 (ಹಳ್ಳಿ ಮಂಡಳಿ) ಅಧ್ಯಕ್ಷರ ಪತ್ರ ಪಡೆದು, ಅಜ್ಜ-ಅಜ್ಜಿಯರನ್ನು ಬೋಡಾದಲ್ಲಿ (ಬಾಡಿಗೆ ಬೈಕು) ಜಿಲ್ಲಾ ಕಚೇರಿಗೆ ಕರೆದೊಯ್ದು ಕರೆತರುವ ಬಾಡಿಗೆ ನಿಮ್ಮ ಬಜೆಟ್ಟಿನಲ್ಲಿರಲಿ. ಕಂಬಳಿಗಿಂತ ಹೆಚ್ಚು ಫಲ ಕೊಡುವ ಖರ್ಚು ಇದು.

ಮನೆಮನೆಗೆ ಹೋಗುವವರು ಅದೇ ಊರಿನ ಆರೋಗ್ಯ ಸ್ವಯಂಸೇವಕರಾಗಿರಲಿ, ಒಬ್ಬರಿಗೆ ಎಂಟು-ಹತ್ತು ಮನೆ, ವಾರಕ್ಕೊಮ್ಮೆ. ಅವರಿಗೆ ಸಂಬಳವಿಲ್ಲ; ಓಡಾಟದ ಭತ್ಯೆ, ಸೋಪು, ಕೈಗವಸು ಕೊಡದಿದ್ದರೆ ಮೂರನೇ ತಿಂಗಳಿಗೆ ಬರುವುದನ್ನು ಬಿಡುತ್ತಾರೆ. ನೋಟ್‌ಬುಕ್ಕಿನಲ್ಲಿ ಪ್ರತಿ ಮನೆಗೆ ಒಂದು ಪುಟ: ಎರಡೂ ಕಾಲಿನಲ್ಲಿ ಹೊಸದಾಗಿ ಹೊಕ್ಕ ಜಿಗರ್ ಎಷ್ಟು, ಗಾಯ ಎಷ್ಟು, ನೆಲದಲ್ಲಿ ಬಿರುಕಿದೆಯೇ. ಹಳೆಯವು ಒಣಗಿ ಹೊಸವು ಕಾಣಿಸುತ್ತಲೇ ಇದ್ದರೆ ಔಷಧಿ ಬದಲಿಸುವ ಮೊದಲು ಚಾಪೆ ಎತ್ತಿ ಅದರ ಕೆಳಗಿನ ನೆಲ ನೋಡಬೇಕು.